ಅಮಾನೋ ಸಿಗಡಿ ಮೊಟ್ಟೆ ಹೊತ್ತರೂ ಮರಿಗಳೇಕೆ ಉಳಿಯುವುದಿಲ್ಲ?

ಗಾಜಿನ ತೊಟ್ಟಿಯಲ್ಲಿ ಸಿಗಡಿ ಸಾಕುವವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ: ಹೆಣ್ಣು ಅಮಾನೋ ಸಿಗಡಿ ಹೊಟ್ಟೆಯಡಿ ತುಂಬ ಮೊಟ್ಟೆ ಹೊತ್ತು ತಿರುಗುತ್ತದೆ, ಒಂದು ಬೆಳಗ್ಗೆ ಮೊಟ್ಟೆಗಳು ಇರುವುದಿಲ್ಲ, ಮರಿಯೂ ಕಾಣುವುದಿಲ್ಲ, ಏಕೆ? ಕೇಳುವವರಲ್ಲಿ ಹೆಚ್ಚಿನವರು ಅಷ್ಟರಲ್ಲಾಗಲೇ ಮೀನುಗಳ ಮೇಲೆ ಗೂಬೆ ಕೂರಿಸಿರುತ್ತಾರೆ. ಮೀನುಗಳು ತಿನ್ನುವುದು ನಿಜವಾದರೂ, ಒಂದೂ ಮೀನಿಲ್ಲದ ತೊಟ್ಟಿಯಲ್ಲಿಯೂ ಆ ಮರಿಗಳು ಬದುಕುವುದಿಲ್ಲ. ತಾಯಿಗೆ ಒಗ್ಗುವ ಸಿಹಿನೀರು ಅವಕ್ಕೆ ಒಗ್ಗುವುದಿಲ್ಲ.

ಜಪಾನ್ ಮತ್ತು ತೈವಾನಿನ ತೊರೆಗಳ ಈ ಸಿಗಡಿಯನ್ನು 1980ರ ದಶಕದಲ್ಲಿ ಪಾಚಿ ತಿನ್ನಲೆಂದು ಗಿಡಗಳ ತೊಟ್ಟಿಗೆ ಬಿಟ್ಟು ಹೆಸರಾಗಿಸಿದವರು ಜಪಾನಿನ ಅಕ್ವೇರಿಯಂ ವಿನ್ಯಾಸಕ ತಕಾಶಿ ಅಮಾನೋ. ತೊರೆಯಲ್ಲಿ ಹುಟ್ಟಿದ ಲಾರ್ವಾಗಳು, ಅಂದರೆ ಇನ್ನೂ ಸಿಗಡಿಯ ರೂಪ ತಾಳದ ಮರಿಗಳು, ಹರಿವಿನೊಡನೆ ಕಡಲು ಸೇರಿ, ಅಲ್ಲಿ ತೇಲುತ್ತ ಬೆಳೆದು, ಸಿಗಡಿಯ ರೂಪ ತಾಳಿದ ಮೇಲೆ ಸಿಹಿನೀರಿಗೆ ಏರಿ ಬರುತ್ತವೆ. ನಮ್ಮ ಕೆರೆಗಳಲ್ಲಿ ಸಾಕುವ ದೊಡ್ಡ ಸಿಹಿನೀರು ಸಿಗಡಿಯ ಲಾರ್ವಾಗಳಿಗೂ ಉಪ್ಪು ಬೆರೆತ ನೀರೇ ಬೇಕು.

ಹೆಣ್ಣು ಸಿಗಡಿಯು ಗಸಗಸೆಗಿಂತ ಸಣ್ಣದಾದ ಸಾವಿರಕ್ಕೂ ಮಿಕ್ಕಿದ ಮೊಟ್ಟೆಗಳನ್ನು ಈಜುಗಾಲುಗಳಿಂದ ಬೀಸಿಕೊಳ್ಳುತ್ತ ಸುಮಾರು 4ರಿಂದ 6 ವಾರ ಹೊತ್ತಿರುತ್ತದೆ. ಕಡುಬಣ್ಣದ ಮೊಟ್ಟೆಗಳು ತಿಳಿಯಾಗಿ, ಒಳಗೆ ಕಣ್ಣಿನ ಕಪ್ಪು ಚುಕ್ಕೆಗಳು ಕಂಡಾಗ ತಾಯಿಯನ್ನು ಬೇರೆ ಪಾತ್ರೆಗೆ ಬಿಡಬೇಕು. ಮೊಟ್ಟೆಯೊಡೆದು ಬಂದ ಲಾರ್ವಾಗಳ ಉದ್ದ 2 ಮಿಲಿಮೀಟರಿನಷ್ಟೂ ಇಲ್ಲ. ತಲೆ ಕೆಳಗಾಗಿ ನೀರಿನಲ್ಲಿ ತೂಗುತ್ತಿರುತ್ತವೆ. ಕತ್ತಲು ಮಾಡಿ ಒಂದು ಮೂಲೆಗೆ ಟಾರ್ಚ್ ಹಿಡಿದರೆ ಎಲ್ಲವೂ ಅಲ್ಲಿಗೇ ಮುತ್ತಿಕೊಳ್ಳುವುದರಿಂದ, ಡ್ರಾಪರಿನಿಂದ ಹೀರಿ ತೆಗೆಯುವುದು ಸುಲಭ.

ಅವುಗಳನ್ನು ಎರಡು ಮೂರು ದಿನಗಳೊಳಗೆ ಲೀಟರಿಗೆ 30ರಿಂದ 35 ಗ್ರಾಂ ಉಪ್ಪಿರುವ ನೀರಿಗೆ ಬಿಡಬೇಕು. ಅಕ್ವೇರಿಯಂ ಅಂಗಡಿಯ ಸಮುದ್ರದ ಉಪ್ಪೇ ಆಗಬೇಕು, ಅಡುಗೆ ಉಪ್ಪು ನಡೆಯದು. ನೀರು ಆವಿಯಾದಂತೆ ಉಳಿದ ನೀರಿನ ಉಪ್ಪಿನಂಶ ಏರುವುದರಿಂದ ಪಾತ್ರೆಯ ಮೇಲೆ ಗೆರೆ ಎಳೆದಿಟ್ಟು, ಕಡಿಮೆಯಾದಷ್ಟು ಸಿಹಿನೀರನ್ನು ತುಂಬುತ್ತಿರಬೇಕು. ಆದರೆ ಜನ ಉಪ್ಪಿನ ಬಗ್ಗೆ ಪಡುವ ಚಿಂತೆಯ ಅರ್ಧದಷ್ಟನ್ನೂ ಆಹಾರದ ಬಗ್ಗೆ ಪಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮನೆಯಲ್ಲಿ ಸಾಯುವ ಲಾರ್ವಾಗಳಲ್ಲಿ ಹೆಚ್ಚಿನವು ಸಾಯುವುದು ಹಸಿವಿನಿಂದ. ಅವು ತಿನ್ನುವುದು ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು. ಆದ್ದರಿಂದ ಟೆಟ್ರಾಸೆಲ್ಮಿಸ್‌ನಂಥ ಕಡಲ ಪಾಚಿಯನ್ನು ಬೆಳಕು ಮತ್ತು ಗಾಳಿ ಕೊಟ್ಟು, ಮೊಟ್ಟೆ ಒಡೆಯುವ ಮುಂಚೆಯೇ ಬಾಟಲಿಗಳಲ್ಲಿ ಹಸಿರಾಗಿ ಬೆಳೆಸಿಟ್ಟುಕೊಂಡಿರಬೇಕು. ಲಾರ್ವಾಗಳ ಪಾತ್ರೆಗೆ ಫಿಲ್ಟರ್ ಬೇಡ, ಏರ್ ಪಂಪಿನ ನಿಧಾನವಾದ ಗುಳ್ಳೆ ಸಾಕು.

ಹಲವು ಬಾರಿ ಪೊರೆ ಕಳಚಿ, ಒಂದೆರಡು ತಿಂಗಳಲ್ಲಿ ಕೆಲವು ತಲೆಕೆಳಗಾಗಿ ತೇಲುವುದನ್ನು ಬಿಟ್ಟು ಗಾಜಿನ ಮೇಲೆ ನಡೆಯತೊಡಗುತ್ತವೆ. ಈಗ ಅವಕ್ಕೆ ಸಿಹಿನೀರು ಬೇಕು, ಉಪ್ಪುನೀರಿನಲ್ಲೇ ಬಿಟ್ಟರೆ ಉಳಿಯುವುದಿಲ್ಲ. ಎಲ್ಲವೂ ಒಂದೇ ದಿನ ರೂಪ ಬದಲಿಸುವುದಿಲ್ಲವಾದ್ದರಿಂದ, ಬದಲಾದವನ್ನು ಮಾತ್ರ ಆರಿಸಿ ಸಾಗಿಸುವ ಕೆಲಸ ದಿನವೂ ಇರುತ್ತದೆ.

ಇಷ್ಟು ವ್ಯವಧಾನವಿಲ್ಲದೆ ಮರಿಗಳನ್ನಷ್ಟೇ ನೋಡಬಯಸುವವರಿಗೆ ನಾನು ಹೇಳುವುದು ಚೆರ್ರಿ ಸಿಗಡಿಯನ್ನು. ಅದರ ಇಪ್ಪತ್ತು ಮೂವತ್ತು ದೊಡ್ಡ ಮೊಟ್ಟೆಗಳಿಂದ ನೇರವಾಗಿ ಪುಟ್ಟ ಸಿಗಡಿಗಳೇ ಸಿಹಿನೀರಿನಲ್ಲಿ ಹೊರಬರುತ್ತವೆ. ಫಿಲ್ಟರಿನ ಬಾಯಿಗೆ ಸ್ಪಂಜು ಕಟ್ಟಿ, ತಾಮ್ರವಿರುವ ಮೀನಿನ ಔಷಧಿಗಳನ್ನು ಆ ತೊಟ್ಟಿಯಿಂದ ದೂರವಿಟ್ಟರಾಯಿತು.