ಆಪ್ಟೊಮೆಟ್ರಿಸ್ಟ್‌ಗೆ ಲೇಸರ್ ಕಲಿಸಬಹುದೇ?

ಕನ್ನಡಕದ ನಂಬರ್ ನೋಡುವವರಿಗೆ ಗ್ಲಾಕೋಮಾದ, ಅಂದರೆ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ಕಣ್ಣಿನ ನರ ಹಾಳಾಗುವ ಕಾಯಿಲೆಯ, ಲೇಸರ್ ಚಿಕಿತ್ಸೆ ಕಲಿಸುವುದು ಸರಿಯೇ ಎಂದು ಹಾಸನದಲ್ಲಿ ಆಪ್ಟೊಮೆಟ್ರಿಸ್ಟ್ ಆಗಿರುವ ನನ್ನನ್ನು ಬಂಧುಗಳೂ ರೋಗಿಗಳೂ ಕೇಳುತ್ತಲೇ ಇರುತ್ತಾರೆ. ಸರಿ ಎಂದೇ ನನ್ನ ಉತ್ತರ. ಆದರೆ ಕೇಳುವ ರೀತಿ ನನ್ನನ್ನು ಕೆರಳಿಸುತ್ತದೆ.

ಅರಕಲಗೂಡಿನ ಮದುವೆಯೊಂದರಲ್ಲಿ ಪಂಕ್ತಿಯಲ್ಲಿ ಪಕ್ಕದಲ್ಲಿದ್ದ ಹಿರಿಯರು, "ಗುಂಡಿ ಒತ್ತೋಕೆ ಡಾಕ್ಟ್ರೇ ಬೇಕೇನಮ್ಮ, ನೀನೇ ಒತ್ತು" ಎಂದರು. "ಅಂಗಡಿಯವರ ಕೈಗೆ ಕಣ್ಣು ಕೊಡೋಕಾಗುತ್ತಾ?" ಎಂದರು ಅವರ ತಮ್ಮ. ಇಬ್ಬರ ಮೇಲೂ ನನಗೆ ಒಂದೇ ಸಮ ಸಿಟ್ಟು ಬಂತು, ಏಕೆಂದರೆ ಗುಂಡಿ ಒತ್ತುವುದೇ ಚಿಕಿತ್ಸೆ ಎಂದು ಇಬ್ಬರೂ ನಂಬಿದ್ದರು.

ಎಸ್‌ಎಲ್‌ಟಿ ಎಂಬ ಈ ಚಿಕಿತ್ಸೆಯಲ್ಲಿ, ಒತ್ತಡ ಇಳಿಸಲೆಂದು, ಕಣ್ಣಿನೊಳಗಿನ ದ್ರವ ಹೊರಹರಿಯುವ ಜಾಲರಿಯ ಮೇಲೆ 532 ನ್ಯಾನೋಮೀಟರ್‌ನ ಹಸಿರು ಬೆಳಕನ್ನು ಸುತ್ತಲೂ ಸುಮಾರು 100 ಕಡೆ ಬೀಳಿಸುತ್ತಾರೆ. ಆ ಜಾಲರಿ ನೇರವಾಗಿ ಕಾಣುವುದಿಲ್ಲ; ಗೋನಿಯೋ ಲೆನ್ಸ್ ಎಂಬ ಕನ್ನಡಿಯಿರುವ ಮಸೂರವನ್ನು ಕಣ್ಣಿನ ಮೇಲಿಟ್ಟು, ಜಾಲರಿ ಇರುವ ಮೂಲೆ, ಅಂದರೆ ಕೋನ, ತೆರೆದಿದೆಯೋ ಮುಚ್ಚಿದೆಯೋ ಎಂದು ಗುರುತಿಸಬೇಕು. ಮುಚ್ಚಿದ್ದರೆ ಈ ಚಿಕಿತ್ಸೆ ನಡೆಯದು, ಮತ್ತು ಮುಚ್ಚಿದ ಕೋನದ ಗ್ಲಾಕೋಮಾ ಏಷ್ಯಾದವರಲ್ಲಿ ಹೆಚ್ಚು. ಲೇಸರ್ ಆದ ಮೇಲೂ ಒತ್ತಡ ಥಟ್ಟನೆ ಏರಬಹುದಾದ್ದರಿಂದ ಮತ್ತೆ ಅಳೆದು, ಏರಿದ್ದರೆ ಏನು ಮಾಡಬೇಕೆಂದು ತಿಳಿದಿರಬೇಕು. ಕಲಿಸಬೇಕಾದದ್ದು ಇದನ್ನು.

ಬ್ರಿಟನ್ನಿನ ಕೆಲವು ಆಸ್ಪತ್ರೆಗಳಲ್ಲಿ ಹೀಗೆ ಕಲಿತ ಆಪ್ಟೊಮೆಟ್ರಿಸ್ಟ್‌ಗಳು ತಜ್ಞ ವೈದ್ಯರ ಮೇಲ್ವಿಚಾರಣೆಯಲ್ಲಿ ಎಸ್‌ಎಲ್‌ಟಿ ಮಾಡುತ್ತಿದ್ದಾರೆ. ಅಮೆರಿಕದ ಓಕ್ಲಹೋಮ ರಾಜ್ಯ 1998ರಲ್ಲೇ ಆಪ್ಟೊಮೆಟ್ರಿಸ್ಟ್‌ಗಳಿಗೆ ಲೇಸರ್ ಬಳಸಲು ಅನುಮತಿ ಕೊಟ್ಟಿತು. ನಮ್ಮಲ್ಲಿ ಅದು ನೇತ್ರವೈದ್ಯರ ಕೆಲಸ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಲೈಟ್ ಅಧ್ಯಯನದಲ್ಲಿ ಮೊದಲಿಗೇ ಲೇಸರ್ ಪಡೆದವರ ಪೈಕಿ ಸುಮಾರು ಮುಕ್ಕಾಲು ಪಾಲು ಜನರಿಗೆ ಮೂರು ವರ್ಷವಾದರೂ ಕಣ್ಣಿಗೆ ಹನಿ ಹಾಕದೆಯೇ ಒತ್ತಡ ಹತೋಟಿಯಲ್ಲಿತ್ತು. ಮಲೆನಾಡಿನ ಮಳೆಗಾಲದಲ್ಲಿ ಹನಿ ಮುಗಿದರೂ ಪೇಟೆಗೆ ಇಳಿಯಲಾಗದ ಸಕಲೇಶಪುರದ ಕಡೆಯ ವೃದ್ಧರಿಗೆ ಇದು ಸಣ್ಣ ಮಾತಲ್ಲ.

ಆದರೂ ಲೇಸರ್ ಯಾರು ಮಾಡಬೇಕೆಂದು ಕೇಳುವವರಲ್ಲಿ ಒಬ್ಬರಾದರೂ, "ನಮ್ಮಪ್ಪನಿಗೆ ಗ್ಲಾಕೋಮಾ ಇತ್ತು, ನಾನು ಯಾವಾಗ ತೋರಿಸಿಕೊಳ್ಳಲಿ?" ಎಂದು ಕೇಳಬಾರದೇ? ಸಾಮಾನ್ಯ ಬಗೆಯ ಗ್ಲಾಕೋಮಾ ನೋವು ಕೊಡದೆ ಅಂಚಿನಿಂದ ದೃಷ್ಟಿ ತಿನ್ನುತ್ತದೆ. ಹೋದದ್ದು ಯಾವ ಲೇಸರ್‌ನಿಂದಲೂ ಮರಳುವುದಿಲ್ಲ. ಆದ್ದರಿಂದ ತಾಲ್ಲೂಕಿನ ಪ್ರತಿಯೊಬ್ಬ ಆಪ್ಟೊಮೆಟ್ರಿಸ್ಟ್‌ಗೂ ಮೊದಲು ಗೋನಿಯೋ ಲೆನ್ಸ್ ಹಿಡಿಯಲು ಕಲಿಸಿ, ಲೇಸರ್ ಅದರ ನಂತರ ಬರಲಿ. ಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ, ನಲವತ್ತು ದಾಟಿದ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಬಂದು ಒತ್ತಡವನ್ನೂ ಕಣ್ಣಿನ ನರವನ್ನೂ ಪರೀಕ್ಷಿಸಿಕೊಳ್ಳಿ; ಹಳೆಯ ಚೀಟಿಗಳಿದ್ದರೆ ಜೊತೆಗೆ ತನ್ನಿ.