ಕೂಳೂರಿನಲ್ಲಿ ಮಲಗಿರುವ ಹನ್ನೆರಡು ಜನ

ದುಬೈಯಿಂದ ರಜೆಗೆ ಬಂದಿದ್ದ ಭಾವ, ನಾನು, ಮಕ್ಕಳು ಮಂಗಳೂರಿನ ತಣ್ಣೀರುಬಾವಿ ಬೀಚಿಗೆ ಹೊರಟಿದ್ದೆವು. ಕೂಳೂರಿನಿಂದ ತಿರುಗಿದ ಮೇಲೆ ಭಾವ, "ಇಲ್ಲಿ ಸ್ವಲ್ಪ ನಿಲ್ಸು ಮಾರಾಯ" ಎಂದರು. ಫಲ್ಗುಣಿ ನದಿ ಬದಿಯ ವಿಮಾನ ದುರಂತದ ಸ್ಮಾರಕ ಅದು.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆ ವಿಮಾನ ನಿಲ್ದಾಣದ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ಸತ್ತರು. ಡಿಎನ್‌ಎ ಪರೀಕ್ಷೆ ಮಾಡಿದರೂ 12 ದೇಹಗಳು ಯಾರದೆಂದು ತಿಳಿಯಲಿಲ್ಲ. ಅವರನ್ನು ಮಣ್ಣು ಮಾಡಿದ್ದು ಇಲ್ಲಿಯೇ. ನಮ್ಮೂರಲ್ಲಿ ಸತ್ತ ಮೇಲೂ ಜಾಗ ಬೇರೆ ಬೇರೆ ಅಲ್ವಾ? ಒಬ್ಬರಿಗೆ ಸ್ಮಶಾನ, ಒಬ್ಬರಿಗೆ ಖಬರಸ್ತಾನ, ಇನ್ನೊಬ್ಬರಿಗೆ ಇಗರ್ಜಿಯ ಹಿತ್ತಿಲು. ಈ ಹನ್ನೆರಡು ಜನರನ್ನು ಹಾಗೆ ವಿಂಗಡಿಸಲು ಯಾರಿಂದಲೂ ಆಗಲಿಲ್ಲ.

ಭಾವನದು ಸ್ಕ್ಯಾಫೋಲ್ಡಿಂಗ್ ಕೆಲಸ, ಅಂದರೆ ಕಟ್ಟಡಗಳಿಗೆ ಪೈಪಿನ ಅಟ್ಟಣಿಗೆ ಕಟ್ಟುವುದು. "ಇದರಲ್ಲಿದ್ದ ಎಷ್ಟೋ ಜನ ನಮ್ಮ ಹಾಗೆ ದುಡಿಯಲು ಹೋದವರು. ಇದೂ ಕೆಲಸದ ಮೇಲಿನ ಸಾವೇ" ಎಂದರು. ನನಗೆ ಆ ಮಾತು ಮೊದಲು ಸರಿ ಕಾಣಲಿಲ್ಲ. ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಸಾಯುವುದು ಬೇರೆ, ಊರಿಗೆ ಬರುವಾಗ ಸಾಯುವುದು ಬೇರೆ ಎಂದೆ.

ಆಗ ಅವರು ತನಿಖಾ ವರದಿಯ ಮಾತು ತೆಗೆದರು. ನಾವೆಲ್ಲ ಗುಡ್ಡದ ಮೇಲಿನ ರನ್‌ವೇಯನ್ನೇ ಬೈದವರು. ಆದರೆ ವಿಮಾನ ಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿ ಬಂದಿತ್ತು. ಸುಮಾರು 8,000 ಅಡಿ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ದಾರಿಯಲ್ಲಿ ತುಂಬಾ ಹೊತ್ತು ನಿದ್ದೆ ಮಾಡಿದ್ದ ಕ್ಯಾಪ್ಟನ್, ಇಳಿಸುವುದು ಬೇಡ ಎಂದು ಕಿರಿಯ ಪೈಲಟ್ ಮೂರು ಸಲ ಹೇಳಿದರೂ ಕೇಳಲಿಲ್ಲ.

"ಸೈಟಲ್ಲೂ ಹೀಗೇ" ಎಂದರು ಭಾವ. "ಕ್ಲ್ಯಾಂಪ್ ಸಡಿಲ ಉಂಟು ಅಂತ ಹೆಲ್ಪರ್ ಬೊಬ್ಬೆ ಹೊಡೆದ್ರೆ ಫೋರ್‌ಮನ್‌ಗೆ ಕೋಪ ಬರ್ತದೆ. ನಿನ್ನೆ ಮೊನ್ನೆ ಬಂದವ ನಂಗೆ ಹೇಳುದಾ ಅಂತ."

ಇದಕ್ಕೆ ನನ್ನ ಹತ್ತಿರ ಎದುರು ಮಾತು ಇರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ. ಚಿಕ್ಕವನ ಮಾತಿಗೆ ಬೆಲೆ ಇರಲಿಲ್ಲ, ಅಷ್ಟೇ. ಕಾರ್ಖಾನೆಗಳಲ್ಲೂ ಎಷ್ಟೋ ಸಲ ಆಗುವುದು ಇದೇ ತಾನೆ?

ಮಕ್ಕಳು ಕಾರಿನಲ್ಲಿ ಗಲಾಟೆ ಶುರು ಮಾಡಿದ್ದರು. ಹೊರಡುವಾಗ, "ನೀವೂ ಈಗ ಫೋರ್‌ಮನ್ ಅಲ್ವಾ ಭಾವ?" ಎಂದು ಕೇಳಿದೆ.

"ಹೌದು. ಹುಡುಗರು ಬೇಡ ಅಂದ್ರೆ ಎಲ್ಲರನ್ನೂ ಕೆಳಗೆ ಇಳಿಸ್ತೇನೆ. ಕೆಲಸ ತಡ ಆಯ್ತು ಅಂತ ಇಂಜಿನಿಯರ್ ಹತ್ರ ಬೈಗುಳ ತಿನ್ನುದು ಮತ್ತೆ ನಾನೇ."