ಉಳಿ ಹಿಡಿದ ಮೇಲೆ ಹಳೇಬೀಡು

ನಮ್ಮದು ಹಾಸನದ ಹತ್ತಿರದ ಪುಟ್ಟ ಶಾಲೆ. ಈ ಸಲ ಹಳೇಬೀಡಿಗೆ ಹೊರಡುವ ಮುಂಚೆ ಒಬ್ಬ ಶಿಲ್ಪಿಯನ್ನು ಶಾಲೆಗೇ ಕರೆಸಿದ್ದೆವು. ಅವರು ಬಳಪದ ಕಲ್ಲಿನ ತುಂಡುಗಳನ್ನು ತಂದು ಮಕ್ಕಳ ಕೈಗೇ ಉಳಿ ಕೊಟ್ಟರು. "ಜೋರಾಗಿ ಹೊಡೀಬೇಡ ಮಗಾ, ಉಳಿ ಓರೆಯಾಗಿ ಹಿಡಿ" ಅಂತ ಒಬ್ಬೊಬ್ಬರ ಬೆರಳನ್ನೂ ತಿದ್ದಿದರು. ನೆಲದಿಂದ ತೆಗೆದಾಗ ಈ ಕಲ್ಲು ಮೆದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತಂತೆ. ಸಂಜೆ ಹೊತ್ತಿಗೆ ಎಲ್ಲರ ಕೈ, ಮೂಗು, ಯೂನಿಫಾರ್ಮ್ ತುಂಬಾ ಬೂದು ಪುಡಿ!

ಆಮೇಲೆ ಹಳೇಬೀಡಿಗೆ ಹೋದಾಗ, ಅಲ್ಲಿನ ಹೊಯ್ಸಳೇಶ್ವರ ದೇವಸ್ಥಾನ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದನ್ನು ಹೇಳಿದೆ, ಮಕ್ಕಳು ಹೂಂಗುಟ್ಟಿದರು ಅಷ್ಟೇ. ಆದರೆ ಗೋಡೆಯ ಕೆಳಗಿನ ಆನೆ ಸಾಲಿನ ಮುಂದೆ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಕೂತೇಬಿಟ್ಟಳು. "ಮಿಸ್, ಕಾಲಿನ ಸಂದಿಗೆ ಉಳಿ ಎಲ್ಲಿಂದ ಹಾಕಿದ್ರು? ಕಾಲು ಮುರೀಲಿಲ್ವಾ?"

ಉಳಿ ಹಿಡಿಯದೆ ಬಂದಿದ್ದರೆ ಈ ಪ್ರಶ್ನೆ ಹುಟ್ಟುತ್ತಿತ್ತಾ? ನನಗಂತೂ ಅನುಮಾನ. ಸುಮ್ನೆ ಸಾಲಲ್ಲಿ ನಡೆದು ಫೋಟೋ ತೆಗೆಸಿಕೊಂಡು ಬರೋದು ಪ್ರವಾಸ ಅಲ್ಲ, ಅಲ್ವಾ? ಕೈಗೆ ಗೊತ್ತಾದದ್ದನ್ನು ಕಣ್ಣು ಜಾಸ್ತಿ ಹೊತ್ತು ನೋಡುತ್ತದೆ.

ಮುಂದೆ ಕುಂಬಾರರೊಬ್ಬರನ್ನು ಕರೆಸುವ ಆಸೆ ಇದೆ. ಹಾಸನದ ಸುತ್ತಮುತ್ತ ಇನ್ನೂ ತಿಗರಿ ತಿರುಗಿಸುವವರು ಇದ್ದರೆ ದಯವಿಟ್ಟು ತಿಳಿಸಿ.